ಮನೆಮಂದಿಯ ದಿನಚರಿ ನೋಡಿ ಕರೆಂಟಿನ ಬೇಡಿಕೆ ಅಂದಾಜು ಮಾಡಬೇಕೇ?

ಪರ: ಸ್ವಿಚ್ ಹಾಕುವ ಹೊತ್ತು ಗೊತ್ತಿರಲೇಬೇಕು

ತಿಂಗಳಿಗೊಮ್ಮೆ ಮೀಟರ್ ಓದಿದರೆ ಎಷ್ಟು ಯೂನಿಟ್ ಅಂತ ತಿಳಿಯುತ್ತದೆ. ಯಾವ ಹೊತ್ತಿಗೆ ಅಂತ ತಿಳಿಯುವುದಿಲ್ಲ. ಟಿಸಿಗೆ, ಅಂದರೆ ಬೀದಿಯ ಟ್ರಾನ್ಸ್‌ಫಾರ್ಮರಿಗೆ, ಬೇಕಾಗಿರುವುದು ಆ ಹೊತ್ತಿನ ಲೆಕ್ಕ.

2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಉರಿದರೆ 1 ಯೂನಿಟ್. 75 ವ್ಯಾಟಿನ ಹಳೇ ಫ್ಯಾನ್ 13 ಗಂಟೆ ತಿರುಗಿದರೂ ಹೆಚ್ಚುಕಡಿಮೆ ಅಷ್ಟೇ. ಬಿಲ್ಲಿಗೆ ಎರಡೂ ಒಂದೇ. ಆದರೆ ಬೆಳಿಗ್ಗೆ 7ಕ್ಕೆ 60 ಮನೆಯವರು ಒಟ್ಟಿಗೆ ಗೀಸರ್ ಹಾಕಿದರೆ 120 ಕಿಲೋವ್ಯಾಟ್. 100 ಕೆವಿಎ ಟಿಸಿ, ಅಂದರೆ ಹೆಚ್ಚೆಂದರೆ 100 ಕಿಲೋವ್ಯಾಟ್ ಹೊರುವಂಥದ್ದು, ಅದನ್ನು ತಡೆಯುತ್ತದಾ?

ನಮ್ಮ ಬೀದಿಯಲ್ಲಿ ಆಗಿದ್ದೂ ಇದೇ. ಮೂರು ಪಿಜಿ ಬಂದ ಮೇಲೆ ಬೆಳಗಿನ ವೋಲ್ಟೇಜ್ ಬಿದ್ದುಹೋಯಿತು. ಅಮ್ಮ ಚಟ್ನಿಗೆ ಮಿಕ್ಸಿ ಹಾಕಿದರೆ ಗೊರಗೊರ ಅಂತ ನಿಧಾನಕ್ಕೆ ತಿರುಗುತ್ತಿತ್ತು, ಕಾಯಿ ತರಿತರಿಯಾಗೇ ಉಳಿಯುತ್ತಿತ್ತು. ಕಂಬ ಹತ್ತಿದ ಲೈನ್‌ಮನ್ ಹೇಳಿದ್ದು ಒಂದೇ ಮಾತು: "ಇಲ್ಲಿ ಹಳೇ ಮನೆಯವರು ಐದೂವರೆಗೇ ಸ್ನಾನ ಮುಗಿಸ್ತಾರೆ ಸಾರ್. ಪಿಜಿ ಹುಡುಗರು ಎಲ್ಲಾ ಎಂಟಕ್ಕೇ ಏಳ್ತಾರೆ." ಎಂಟಕ್ಕೆ ಸರಿಯಾಗಿ ವೋಲ್ಟೇಜ್ ಬೀಳುತ್ತಿತ್ತು. ಆ ಮನುಷ್ಯನ ತಲೆಯಲ್ಲಿದ್ದ ಲೆಕ್ಕವನ್ನೇ ಕಾಗದಕ್ಕಿಳಿಸಿ ಅಂತ ನಾನು ಕೇಳುತ್ತಿರುವುದು.

ಬ್ರಿಟನ್ನಿನ ಲಫ್‌ಬರೋ ವಿಶ್ವವಿದ್ಯಾಲಯದವರು ಜನರ ದಿನಚರಿ ಸಮೀಕ್ಷೆಯಿಂದಲೇ ನಿಮಿಷ ನಿಮಿಷದ ಬೇಡಿಕೆ ಲೆಕ್ಕ ಹಾಕುವ ಮಾದರಿ ಮಾಡಿದ್ದಾರೆ. ಒಂದೇ ಕೋಣೆಯಲ್ಲಿ ನಾಲ್ಕು ಜನ ಕೂತರೆ ನಾಲ್ಕು ಪಟ್ಟು ಲೈಟು ಉರಿಯುವುದಿಲ್ಲ ಅನ್ನುವುದನ್ನೂ ಅದು ಬಿಟ್ಟಿಲ್ಲ. ನಮ್ಮಲ್ಲೂ 2019 ಮತ್ತು 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಬೆಳಗಿನ 4ರಿಂದ ಮರುದಿನ 4ರವರೆಗೆ ಅರ್ಧರ್ಧ ಗಂಟೆಗೆ ಜನ ಏನು ಮಾಡುತ್ತಾರೆ ಅಂತ ಕೇಳಿದ್ದಾರೆ. ಮಾಹಿತಿ ಕೈಯಲ್ಲೇ ಇದೆ. ಬಳಸದೆ ಸುಮ್ನೆ ಇಟ್ಟುಕೊಂಡರೆ ಟಿಸಿ ಸುಡುತ್ತಲೇ ಇರುತ್ತದೆ.

ವಿರೋಧ: ಜನ ಲೆಕ್ಕಕ್ಕೆ ಸಿಗುವುದಿಲ್ಲ

ವಿರೋಧದ ಕಡೆಯಿಂದ ಬರೆಯಿರಿ ಅಂದರು. ಇದಕ್ಕೆ ನನಗೆ ತೋಚುವ ದೊಡ್ಡ ಕಾರಣ ಒಂದೇ: 2020ರ ಏಪ್ರಿಲ್ 5.

ಕೊರೊನಾ ಲಾಕ್‌ಡೌನ್ ಹೊತ್ತು; ಪ್ರಧಾನಿ ಕರೆಯಂತೆ ಅವತ್ತು ರಾತ್ರಿ 9ಕ್ಕೆ ದೇಶದ ಜನ 9 ನಿಮಿಷ ಲೈಟ್ ಆರಿಸಬೇಕಿತ್ತು. ಬರೀ ಲೈಟು, ಬೇರೇನೂ ಅಲ್ಲ. ಬೇಡಿಕೆ 12ರಿಂದ 14 ಸಾವಿರ ಮೆಗಾವ್ಯಾಟ್ ಇಳಿಯಬಹುದು ಅಂತ ಗ್ರಿಡ್ (ದೇಶದ ಕರೆಂಟಿನ ಜಾಲ) ನೋಡಿಕೊಳ್ಳುವವರು ಅಂದಾಜು ಮಾಡಿದ್ದರು. ಇಳಿದದ್ದು ಸುಮಾರು 31 ಸಾವಿರ. ಜಲವಿದ್ಯುತ್ ಕೇಂದ್ರಗಳನ್ನು ಬೇಗ ಬೇಗ ಇಳಿಸಿ ಏರಿಸಿದ್ದರಿಂದ ಗ್ರಿಡ್ ಉಳಿಯಿತು. ಹೊತ್ತು ಗೊತ್ತಿತ್ತು, ಕೆಲಸ ಗೊತ್ತಿತ್ತು, ಆದರೂ ಅಂದಾಜು ಎರಡು ಪಟ್ಟಿಗಿಂತ ಜಾಸ್ತಿ ತಪ್ಪಿತು. ಹೀಗಿರುವಾಗ ಮಾಮೂಲಿ ದಿನದಲ್ಲಿ ಯಾರು ಯಾವಾಗ ಇಸ್ತ್ರಿ ಹಾಕುತ್ತಾರೆ ಅಂತ ಹೇಗೆ ಹೇಳುವುದು?

ಅದಕ್ಕಾಗಿ ಮನೆಮನೆಗೆ ಹೋಗಿ "ನೀವು ಸ್ನಾನ ಎಷ್ಟೊತ್ತಿಗೆ ಮಾಡ್ತೀರಿ" ಅಂತ ಕೇಳುವುದೂ ಸರಿಯಲ್ಲ. ಸ್ಮಾರ್ಟ್ ಮೀಟರ್ ಹಾಕಿದರೆ ಅರ್ಧ ಗಂಟೆಗೊಂದು ರೀಡಿಂಗ್ ತಾನಾಗೇ ಬರುತ್ತದೆ. ಅಷ್ಟು ಸಾಕಲ್ವಾ?

ಇನ್ನೂ ಮನೆ ಏಳದ ಹೊಸ ಬಡಾವಣೆಯಲ್ಲಿ ಓದಲು ಮೀಟರೇ ಇರುವುದಿಲ್ಲ, ನಿಜ. ಅಲ್ಲಿ ಟಿಸಿ ಎಷ್ಟು ದೊಡ್ಡದು ಬೇಕು ಅಂತ ನೋಡಲು ದಿನಚರಿಯ ಲೆಕ್ಕ ಬಳಸಲಿ, ನನ್ನ ತಕರಾರಿಲ್ಲ.