ಬಲೂನ್ ಹಾಕಿದ ಕಾಲಿನ ನಾಳ: ಎಲ್ಲರಿಗೂ ಸಿಆರ್‌ಪಿ ಪರೀಕ್ಷೆ ಬೇಕೇ?

ಪರ

ನೂರು ಹೆಜ್ಜೆ ಇಡುವಷ್ಟರಲ್ಲಿ ಮೀನಖಂಡ ಹಿಡಿದುಕೊಂಡು ನಿಲ್ಲುತ್ತಿದ್ದವರು ಬಲೂನ್ ಆಂಜಿಯೋಪ್ಲಾಸ್ಟಿ, ಅಂದರೆ ಕಿರಿದಾದ ರಕ್ತನಾಳವನ್ನು ಬಲೂನಿನಿಂದ ಹಿಗ್ಗಿಸುವ ಚಿಕಿತ್ಸೆ, ಆದ ಕೆಲವೇ ದಿನಗಳಲ್ಲಿ ಸರಾಗವಾಗಿ ನಡೆಯುತ್ತಾರೆ. ಆದರೆ ತೊಡೆಯ ಅಪಧಮನಿಯಲ್ಲಿ ಈ ನೆಮ್ಮದಿ ಬಹಳ ಸಲ ಒಂದು ವರ್ಷವೂ ಉಳಿಯುವುದಿಲ್ಲ. ಅಡಚಣೆ ಉದ್ದವಾಗಿದ್ದಷ್ಟೂ ನಾಳ ಮತ್ತೆ ಕಿರಿದಾಗುವ ಭಯ ಹೆಚ್ಚು.

ಬಲೂನ್ ಕೊಬ್ಬನ್ನು ಬದಿಗೊತ್ತುತ್ತದೆ ಎಂದು ರೋಗಿಗೆ ಹೇಳುತ್ತೇವೆ. ಅದು ಅರ್ಧ ಮಾತು. ಬಲೂನ್ ಒಳಪದರವನ್ನು ಸೀಳಿಯೇ ದಾರಿ ಮಾಡುತ್ತದೆ. ಆ ಗಾಯಕ್ಕೆ ಪ್ಲೇಟ್‌ಲೆಟ್‌ಗಳು ಅಂಟುತ್ತವೆ, ಬಿಳಿ ರಕ್ತಕಣಗಳು ಧಾವಿಸುತ್ತವೆ. ಅವು ಬಿಡುವ ರಾಸಾಯನಿಕಗಳಿಂದ ನಡುಪದರದ ಸ್ನಾಯುಕೋಶಗಳು ಎಚ್ಚೆತ್ತು ಒಳಗೆ ಸರಿದು, ಬೆಳೆದು, ದಾರಿಗೆ ಅಡ್ಡವಾಗುತ್ತವೆ. ಗಾಯ ಮಾಯುವ ಕ್ರಿಯೆಯೇ ನಾಳವನ್ನು ಮುಚ್ಚುತ್ತದೆ.

ಗಾಯಕ್ಕೆ ದೇಹ ತೋರುವ ಈ ಪ್ರತಿಕ್ರಿಯೆಯೇ ಉರಿಯೂತ. ಅದರ ಸುಳಿವು ರಕ್ತದಲ್ಲೇ ಸಿಗುತ್ತದೆ. ಉರಿಯೂತದ ಸಂದೇಶ ಸಾರುವ ಇಂಟರ್‌ಲ್ಯೂಕಿನ್-6 ಎಂಬ ಪ್ರೋಟೀನ್ ಹೆಚ್ಚಾದಾಗ ಯಕೃತ್ತು ಸಿ-ರಿಯಾಕ್ಟಿವ್ ಪ್ರೋಟೀನ್, ಅಂದರೆ ಸಿಆರ್‌ಪಿ, ತಯಾರಿಸುತ್ತದೆ. ಚಿಕಿತ್ಸೆಯಾದ 48 ಗಂಟೆಗೆ ಸಿಆರ್‌ಪಿ ಹೆಚ್ಚಿದ್ದವರಲ್ಲಿ ಆರು ತಿಂಗಳೊಳಗೆ ತೊಡೆಯ ನಾಳ ಮತ್ತೆ ಕಿರಿದಾಗುವುದು ಹೆಚ್ಚೆಂದು ವಿಯೆನ್ನಾದ ವೈದ್ಯರು 2000ರ ದಶಕದ ಆರಂಭದಲ್ಲೇ ತೋರಿಸಿದರು. ಒಂದು ಸಣ್ಣ ರಕ್ತಪರೀಕ್ಷೆ ಇಷ್ಟು ಹೇಳುವಾಗ ಅದನ್ನು ಬಿಡುವುದು ಸರಿಯಲ್ಲ. ಸಿಆರ್‌ಪಿ ಹೆಚ್ಚಿದ್ದವರನ್ನು ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನಿಗೆ ಬೇಗ ಬೇಗ ಕರೆಯಬಹುದು. ಪೂರ್ತಿ ಮುಚ್ಚಿದ ನಾಳವನ್ನು ತೆರೆಯುವುದಕ್ಕಿಂತ ಕಿರಿದಾಗುತ್ತಿರುವುದನ್ನು ಹಿಗ್ಗಿಸುವುದು ಎಷ್ಟೋ ಸುಲಭ.

ವಿರೋಧ

ಮೇಲಿನ ಜೀವಶಾಸ್ತ್ರದಲ್ಲಿ ತಪ್ಪಿಲ್ಲ. ಆದರೆ ಸಿಆರ್‌ಪಿ ಬೆಂಕಿ ಇದೆ ಎನ್ನುತ್ತದೆಯೇ ಹೊರತು ಎಲ್ಲಿದೆ ಎನ್ನುವುದಿಲ್ಲ. ಈ ರೋಗಿಗಳು ಯಾರು? ಎಷ್ಟೋ ಜನ ಧೂಮಪಾನಿಗಳು, ಮಧುಮೇಹಿಗಳು. ಕೆಲವರ ಪಾದದಲ್ಲಿ ಮಾಯದ ಹುಣ್ಣು, ಕೆಲವರ ವಸಡಿನಲ್ಲಿ ಕೀವು. ಬಲೂನ್ ಮುಟ್ಟುವ ಮೊದಲೇ ಅವರ ಸಿಆರ್‌ಪಿ ಏರಿರುತ್ತದೆ.

ಇನ್ನು, ಕಿರಿದಾಗುವುದೆಲ್ಲ ಉರಿಯೂತದಿಂದಲೇ ಅಲ್ಲ. ಹಿಗ್ಗಿಸಿದ ಗೋಡೆ ರಬ್ಬರಿನಂತೆ ಕೆಲವೇ ನಿಮಿಷಗಳಲ್ಲಿ ಹಿಂದಕ್ಕೆ ಕುಗ್ಗಬಹುದು. ಅದು 48 ಗಂಟೆಯ ರಕ್ತದಲ್ಲಿ ಕಾಣದು. ಸಂಖ್ಯೆ ಕಡಿಮೆ ಬಂತೆಂದು ಧೈರ್ಯ ತಂದುಕೊಂಡು ಸ್ಕ್ಯಾನ್ ತಪ್ಪಿಸುವ ರೋಗಿಯ ಬಗ್ಗೆ ನನಗೆ ನಿಜವಾಗಿ ಭಯವಿದೆ.

ಹೆಚ್ಚು ಬಂದರೆ ತಾನೇ ಏನು ಮಾಡುತ್ತೇವೆ? ಹೃದ್ರೋಗಿಗಳ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಕ್ಯಾಂಟೋಸ್ ಪ್ರಯೋಗದಲ್ಲಿ ಕನಾಕಿನುಮ್ಯಾಬ್ ಎಂಬ ಔಷಧ ಉರಿಯೂತವನ್ನು ತಗ್ಗಿಸಿತು, ಹೃದಯಾಘಾತಗಳೂ ಕಡಿಮೆಯಾದವು. ಜೊತೆಗೆ ಪ್ರಾಣ ತೆಗೆಯುವ ಸೋಂಕುಗಳು ಹೆಚ್ಚಿದವು. ಪಾದದಲ್ಲಿ ಹುಣ್ಣಿರುವವರಿಗೆ ಇದು ಸಣ್ಣ ಮಾತಲ್ಲ. ತೊಡೆಯ ನಾಳದಲ್ಲಿ ನಿಜಕ್ಕೂ ಫಲ ಕೊಟ್ಟಿದ್ದು ಪ್ಯಾಕ್ಲಿಟಾಕ್ಸೆಲ್ ಎಂಬ ಔಷಧ ಲೇಪಿಸಿದ ಬಲೂನ್. ಅದು ಮುಖ್ಯವಾಗಿ ಗೋಡೆಯ ಕೋಶಗಳ ವಿಭಜನೆಯನ್ನೇ ತಡೆಯುತ್ತದೆ. ಅದರಿಂದ ಸಾವು ಹೆಚ್ಚುತ್ತದೆಂಬ ಆತಂಕ 2018ರ ಕೊನೆಯಲ್ಲಿ ಎದ್ದು, ಹೆಚ್ಚಿನ ಮಾಹಿತಿ ನೋಡಿದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರಲ್ಲಿ ಆ ಆತಂಕವನ್ನು ಕೈಬಿಟ್ಟಿತು. ಆ ಬಲೂನ್ ಬಳಸಬೇಕೇ ಎಂಬುದನ್ನು ನಾಳದ ಸ್ಥಿತಿ ನೋಡಿ ನಿರ್ಧರಿಸುತ್ತಾರೆ, ಅದೂ ಚಿಕಿತ್ಸೆಯ ಹೊತ್ತಿನಲ್ಲೇ. ಎರಡು ದಿನದ ನಂತರದ ಸಿಆರ್‌ಪಿ ಅಷ್ಟು ಹೊತ್ತಿಗೆ ತಡವಾಗಿರುತ್ತದೆ.

ಕೊಲೆಸ್ಟ್ರಾಲ್ ತಗ್ಗಿಸುವ ಸ್ಟ್ಯಾಟಿನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ದಿನವೂ ನಡಿಗೆ, ಸಿಗರೇಟಿಗೆ ವಿದಾಯ: ಇವು ಸಿಆರ್‌ಪಿ ಎಷ್ಟೇ ಇರಲಿ, ಬೇಕೇ ಬೇಕು. ಪ್ರತಿ ಭೇಟಿಯಲ್ಲೂ ವೈದ್ಯರು ಕಣಕಾಲಿನ ರಕ್ತದೊತ್ತಡವನ್ನು ತೋಳಿನದರ ಜೊತೆ ಹೋಲಿಸಿ ನೋಡಲಿ. ಎಷ್ಟು ದೂರ ನಡೆದರೆ ನೋವು ಬರುತ್ತದೆ ಎಂದು ಕೇಳಲಿ. ಕಳೆದ ಸಲಕ್ಕಿಂತ ಆ ದೂರ ಕಡಿಮೆಯಾಗಿದ್ದರೆ ಅಂದೇ ಸ್ಕ್ಯಾನ್ ಮಾಡಿಸಲಿ.