ತುಪ್ಪ ಕೊಡದ ಜೇನು

ಕಳೆದ ವಾರ ಆಕ್ಲೆಂಡಿನ ನಮ್ಮ ಬಡಾವಣೆಯ ಗುಂಪಿನಲ್ಲಿ ಒಬ್ಬರು ಹೊಸ ಜೇನುಪೆಟ್ಟಿಗೆಯ ಪಕ್ಕ ನಿಂತು ತೆಗೆಸಿಕೊಂಡ ಚಿತ್ರ ಹಾಕಿ, ಈ ದೇಶದ ಜೇನುಗಳನ್ನು ಉಳಿಸಲು ತಮ್ಮದೊಂದು ಅಳಿಲುಸೇವೆ ಎಂಬರ್ಥದ ಮಾತು ಬರೆದಿದ್ದರು. ಅವರ ಮನಸ್ಸು ಒಳ್ಳೆಯದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಪೆಟ್ಟಿಗೆಯೊಳಗಿನದು ಈ ದೇಶದ ಜೇನೇ ಅಲ್ಲ.

1839ರಲ್ಲಿ ಮೇರಿ ಬಂಬಿ ಎಂಬ ಮಹಿಳೆ, ಪಾದ್ರಿಯಾಗಿದ್ದ ತನ್ನ ಅಣ್ಣನೊಂದಿಗೆ ಇಂಗ್ಲೆಂಡಿನಿಂದ ಈ ದೇಶದ ಉತ್ತರ ಭಾಗದ ಹೋಕಿಯಾಂಗಾಕ್ಕೆ ಬಂದಾಗ ಹಡಗಿನಲ್ಲಿ ಎರಡು ಗೂಡು ಯುರೋಪಿನ ಜೇನನ್ನೂ ತಂದಳು. ನ್ಯೂಜಿಲೆಂಡಿನ ಜೇನುಸಾಕಣೆಯ ಕಥೆ ಅಲ್ಲಿಂದ ಶುರುವಾಗುತ್ತದೆ. ಇಲ್ಲಿನ ಮೂಲನಿವಾಸಿ ಜೇನುಗಳು ಬೇರೆಯೇ. 28ರಷ್ಟು ಜಾತಿಗಳಿದ್ದು, ಬಹುಪಾಲು ಜಗತ್ತಿನ ಬೇರೆಲ್ಲೂ ಸಿಗುವುದಿಲ್ಲ. ಮಾವೋರಿ ಭಾಷೆಯಲ್ಲಿ ಇವಕ್ಕೆ ‘ಙಾರೊ ಹುರುಹುರು’, ಅಂದರೆ ರೋಮವುಳ್ಳ ನೊಣ ಎಂದು ಹೆಸರು. (ನಮ್ಮ ವರ್ಣಮಾಲೆಯಲ್ಲಿ ಶತಮಾನಗಳಿಂದ ಕೆಲಸವಿಲ್ಲದೆ ಕುಳಿತಿದ್ದ ಙ ಅಕ್ಷರಕ್ಕೆ ಇಲ್ಲಿಗೆ ಬಂದ ಮೇಲೆ ಕೈತುಂಬ ಕೆಲಸ ಸಿಕ್ಕಿತು.)

ಶಿರಸಿಯ ಕಡೆಯ ಮನೆಯಲ್ಲಿ ತುಡುವೆ ಎಂಬ ನಾಡಜೇನಿನ ಪೆಟ್ಟಿಗೆಗಳ ನಡುವೆ ಬೆಳೆದ ನನಗೆ ಜೇನು ಎಂದರೆ ರಾಣಿ, ಎರಿ, ತುಪ್ಪ, ಒಮ್ಮೊಮ್ಮೆ ಊದಿಕೊಂಡ ತುಟಿ. ಇಲ್ಲಿನ ಮೂಲ ಜೇನುಗಳಲ್ಲಿ ಅದಾವುದೂ ಇಲ್ಲ. ಹಿತ್ತಿಲಲ್ಲಿ ಉತ್ತರಕ್ಕೆ ಮುಖ ಮಾಡಿದ, ದಿನವಿಡೀ ಬಿಸಿಲು ಬೀಳುವ ಒಂದು ಬೋಳು ದರೆ, ಅಂದರೆ ಕಡಿದಾದ ಮಣ್ಣಿನ ಇಳಿಜಾರು, ಇದೆ. ಇಲ್ಲಿನ ಬೇಸಿಗೆಯಾದ ಡಿಸೆಂಬರಿನಲ್ಲಿ ಅಲ್ಲಿ ಇರುವೆಗೂಡಿನಂತೆ ಪುಟ್ಟ ಮಣ್ಣಿನ ಗುಪ್ಪೆಗಳು ಏಳುತ್ತವೆ, ಪ್ರತಿಯೊಂದರ ನಡುವೆ ಪೆನ್ಸಿಲ್ ತೂರುವಷ್ಟು ತೂತು. ಕುಕ್ಕರುಗಾಲಿನಲ್ಲಿ ಕುಳಿತು ಕಾದರೆ, ಸೆಂಟಿಮೀಟರಿನಷ್ಟೂ ಉದ್ದವಿಲ್ಲದ ಕಪ್ಪು ಜೇನೊಂದು ಹಿಂಗಾಲುಗಳಿಗೆ ಹಳದಿ ಪರಾಗ ಮೆತ್ತಿಕೊಂಡು ಬಂದು, ಅಕ್ಕಪಕ್ಕದ ಹತ್ತು ತೂತುಗಳಲ್ಲಿ ತನ್ನದು ಯಾವುದೆಂದು ಒಂದು ಕ್ಷಣ ಅನುಮಾನಿಸಿ ಒಳಗಿಳಿಯುವುದು ಕಾಣುತ್ತದೆ. ತೂತುಗಳು ಎಷ್ಟೇ ಒತ್ತಾಗಿದ್ದರೂ ಅದು ಕೂಡುಕುಟುಂಬವಲ್ಲ, ಒಂದೊಂದೂ ಒಬ್ಬೊಬ್ಬ ತಾಯಿಯ ಸ್ವಂತ ಮನೆ. ಅವಳೇ ಸುರಂಗ ಕೊರೆದು, ಕೋಣೆಯ ಗೋಡೆಗೆ ನೀರು ಹಿಡಿಯದಂತೆ ತನ್ನ ಮೈಯ ಸ್ರಾವವನ್ನೇ ಬಳಿದು, ಪರಾಗ ಮತ್ತು ಮಕರಂದದ ಉಂಡೆಯಿಟ್ಟು, ಒಂದು ಮೊಟ್ಟೆಯಿಟ್ಟು ಬಾಯಿ ಮುಚ್ಚುತ್ತಾಳೆ. ಮರಿ ಹೊರಬರುವುದು ಮುಂದಿನ ಬೇಸಿಗೆಗೆ, ಅಷ್ಟು ಹೊತ್ತಿಗೆ ತಾಯಿ ಇರುವುದಿಲ್ಲ. ಕೂಡಿಡುವ ಸಂಸಾರವೇ ಇಲ್ಲದ ಕಾರಣ ತುಪ್ಪವೂ ಇಲ್ಲ. ಫೋನಿನಲ್ಲಿ ಇದನ್ನೆಲ್ಲ ವಿವರಿಸಿದಾಗ ಅಮ್ಮ, “ತುಪ್ಪ ಕೊಡದ ಜೇನು ಎಂತಕ್ಕೋ ಮಾರಾಯ?” ಎಂದು ಕೇಳಿದ್ದರು.

ಅಮ್ಮನ ಪ್ರಶ್ನೆಯನ್ನೇ ಈ ದೇಶವೂ ಕೇಳಿಕೊಂಡಂತಿದೆ. ಇಲ್ಲಿನ ಮಾನುಕಾ ಗಿಡದ ಹೂವಿನ ತುಪ್ಪಕ್ಕೆ ಚಿನ್ನದ ಬೆಲೆ ಬಂದಾಗ ಪೆಟ್ಟಿಗೆಗಳ ಸಂಖ್ಯೆ ಏರುತ್ತ ಹೋಗಿ 2019ರಲ್ಲಿ 9 ಲಕ್ಷ ದಾಟಿತು. ಬೆಲೆ ಬಿದ್ದ ಮೇಲೆ ಸಂಖ್ಯೆಯೂ ಇಳಿಯಿತು. ತುಂಬು ಹಂಗಾಮಿನಲ್ಲಿ ಒಂದು ಪೆಟ್ಟಿಗೆಯಲ್ಲಿ 40–50 ಸಾವಿರ ಹುಳುಗಳಿರುತ್ತವೆ. ಮಾನುಕಾ, ಕಾನುಕಾ, ಪೊಹುಟುಕಾವಾ ಹೂವುಗಳೇ ಒಂಟಿ ಜೇನುಗಳ ಊಟವೂ ಆಗಿರುವಾಗ, ಪಂಕ್ತಿಯಲ್ಲಿ ಯಾರಿಗೆ ಎಲೆ ಸಿಗುತ್ತದೆ ಎಂದು ಯೋಚಿಸಬೇಕಾಗುತ್ತದೆ. ಪೆಟ್ಟಿಗೆಯ ಜೇನು ಬೇಡ ಎಂದು ನಾನು ಹೇಳುತ್ತಿಲ್ಲ, ಕಿವಿಹಣ್ಣಿನ ತೋಟಗಳು ಪರಾಗಸ್ಪರ್ಶಕ್ಕೆ ಅದನ್ನು ಬಾಡಿಗೆಗೆ ತಂದೇ ನಡೆಯುತ್ತಿವೆ. 2000ದಲ್ಲಿ ಉತ್ತರ ದ್ವೀಪದಲ್ಲಿ, 2006ರಲ್ಲಿ ದಕ್ಷಿಣ ದ್ವೀಪದಲ್ಲಿ ಕಾಣಿಸಿಕೊಂಡ, ಜೇನಿನ ಮೈಗಂಟಿ ಬದುಕುವ ವರ್ರೋವಾ ನುಸಿ ಜೇನುಸಾಕುವವರನ್ನು ಹೈರಾಣಾಗಿಸಿರುವುದೂ ನಿಜ. ಆ ನುಸಿಯ ಮೂಲ ಆಶ್ರಯ ನಮ್ಮ ತುಡುವೆಯೇ ಎಂದು ತಿಳಿದ ದಿನ ನನಗೆ, ನಮ್ಮೂರಿನವರು ಬೇರೆಯವರ ಮನೆಯಲ್ಲಿ ಏನೋ ಒಡೆದುಹಾಕಿದಾಗ ಆಗುವಂಥ ಸಂಕೋಚವಾಯಿತು. ತುಡುವೆ ಅದನ್ನು ಕೊಡವಿ ಹೆಕ್ಕಿ ಹೇಗೋ ಬಾಳುತ್ತದೆ, ಯುರೋಪಿನ ಜೇನಿಗೆ ಆ ಅಭ್ಯಾಸ ಅಷ್ಟಾಗಿಲ್ಲ.

ಆದರೆ ಪೆಟ್ಟಿಗೆಯ ಜೇನಿಗೆ ಮಾಲೀಕನಿದ್ದಾನೆ, ಔಷಧಿಯಿದೆ, ಮಾರುಕಟ್ಟೆಯಿದೆ. ದರೆಯ ಜೇನಿಗೆ ಬೇಕಾದದ್ದು ಒಂದಿಷ್ಟು ಬೋಳು ಮಣ್ಣು ಮತ್ತು ಈ ನೆಲದ ಗಿಡಗಳ ಹೂವು ಮಾತ್ರ, ಅದನ್ನೇ ನಾವು ಕೊಡುತ್ತಿಲ್ಲ. ಬೋಳು ಮಣ್ಣು ಕಂಡರೆ ಇಲ್ಲಿನ ತೋಟಪ್ರಿಯರಿಗೆ ಕೈ ಕಡಿಯುತ್ತದೆ. ಬೇರೆಯವರನ್ನು ಏಕೆ ದೂರಲಿ, ಈ ಮನೆಗೆ ಬಂದ ಮೊದಲ ವರ್ಷ ನಾನೇ ಆ ದರೆಯ ಮೇಲೆ ಮರದ ಚಕ್ಕೆಯ ಮೂಟೆಗಳನ್ನು ಸುರಿದು, ಹಿತ್ತಿಲು ಈಗ ಚೊಕ್ಕಟವಾಯಿತೆಂದು ಫೋಟೊ ಹಾಕಿದ್ದೆ. ಆಮೇಲೆ ಎರಡು ಬೇಸಿಗೆ ಅಲ್ಲಿ ಒಂದು ತೂತೂ ಕಾಣಲಿಲ್ಲ. ಚಕ್ಕೆಯನ್ನೆಲ್ಲ ಕೆರೆದು ತೆಗೆದ ಮೇಲೆ ಹೋದ ವರ್ಷ ಮೂರು ಬಂದವು, ಈ ವರ್ಷ ಹದಿನಾಲ್ಕು.

ಆ ಜಾಗದಲ್ಲಿ ಗುಲಾಬಿ ನೆಡಬೇಕೆಂಬ ಹೆಂಡತಿಯ ಬೇಡಿಕೆಯನ್ನು ಸದ್ಯಕ್ಕೆ ಫೆಬ್ರವರಿಗೆ ಮುಂದೂಡಿಸಿದ್ದೇನೆ. ಫೆಬ್ರವರಿಯಲ್ಲಿ ತೂತುಗಳು ಮುಚ್ಚಿಹೋದರೂ ಮರಿಹುಳುಗಳು ಒಳಗೇ ಇರುತ್ತವೆ ಎಂಬುದನ್ನು ಅವಳಿಗೆ ಇನ್ನೂ ಹೇಳಿಲ್ಲ.