ಲೂಸಾಗಿರುವುದು ಥ್ರಾಟಲ್, ಬೇರೇನೂ ಅಲ್ಲ

ಕಂಪ್ಯೂಟರಿನ ವಿಮಾನ ಸಿಮ್ಯುಲೇಟರಿನಲ್ಲಿ ಜಕ್ಕೂರಿನಿಂದ ಸೆಸ್ನಾ 172 ಎಂಬ ಪುಟ್ಟ ವಿಮಾನ ಎತ್ತಿ, ಉತ್ತರಕ್ಕೆ ತಿರುಗಿಸಿ, 5,500 ಅಡಿಯಲ್ಲಿ ನೆಟ್ಟಗೆ ನಿಲ್ಲಿಸಿ, ಟ್ರಿಮ್ ಸರಿ ಮಾಡಿದ್ದಾಯಿತು. ಇನ್ನೇನು ನಂದಿ ಬೆಟ್ಟ ಕಾಣಬೇಕು ಎನ್ನುವಾಗ ಎಡಗೈ ಮೇಜಿನ ಮೇಲಿನ ಕೋಡುಬಳೆ ಹುಡುಕಿಕೊಂಡು ಹೋಗುತ್ತದೆ. ಆ ಕೈ ಅಲ್ಲಿಯವರೆಗೆ ಜಾಯ್‌ಸ್ಟಿಕ್ಕಿನ ಥ್ರಾಟಲ್ ಮೇಲಿತ್ತು, ಅಂದರೆ ಎಂಜಿನ್ ಶಕ್ತಿ ಏರಿಸಿ ಇಳಿಸುವ ಲಿವರ್ ಮೇಲೆ. ಕೋಡುಬಳೆ ಬಾಯಲ್ಲಿ ‘ಕಟುಂ’ ಅನ್ನುವಷ್ಟರಲ್ಲಿ ಎಂಜಿನ್ ಸದ್ದು ಇಳಿದಿರುತ್ತದೆ. 2,400 ಇದ್ದ ಆರ್‌ಪಿಎಂ 1,800. ಯಾರೂ ಮುಟ್ಟಿಲ್ಲ, ಲಿವರ್ ತಾನಾಗಿ ಹಿಂದಕ್ಕೆ ಜಾರಿ ಕೂತಿದೆ. ನಂದಿ ಬೆಟ್ಟದ ನೆತ್ತಿ ಸುಮಾರು 4,850 ಅಡಿ. ಅಂದರೆ ಅಗಿಯಲು ಉಳಿದಿರುವುದು 650 ಅಡಿ. ಚೆನ್ನಾಗಿ ಕರಿದ ಕೋಡುಬಳೆಗೆ ಅಷ್ಟು ಸಾಲದು.

ಇದಾದ ಮೇಲೆ ಎದ್ದು ಹೋಗಿ ‘ಥ್ರಾಟಲ್ ಲೂಸಾಗಿದೆ’ ಎಂದು ಮನೆಯಲ್ಲಿ ಘೋಷಿಸಬಾರದು. ಬೆಂಗಳೂರಿನ ಕನ್ನಡದಲ್ಲಿ ‘ಲೂಸು’ ಅನ್ನುವುದನ್ನು ಯಂತ್ರಕ್ಕಿಂತ ಮನುಷ್ಯರಿಗೇ ಜಾಸ್ತಿ ಬಳಸುತ್ತಾರೆ. ನಲವತ್ತು ದಾಟಿದವರು ಬನಿಯನ್ ಹಾಕಿಕೊಂಡು ಪರದೆಯ ಜೊತೆ ಇಂಗ್ಲಿಷಿನಲ್ಲಿ ‘ರೆಡಿ ಫಾರ್ ಡಿಪಾರ್ಚರ್’ ಎಂದು ಮಾತಾಡುವುದನ್ನು ದಿನಾ ನೋಡುವ ಮನೆಮಂದಿಗೆ, ಏನು ಲೂಸಾಗಿದೆ ಎಂಬ ಬಗ್ಗೆ ಮೊದಲೇ ಒಂದು ತೀರ್ಮಾನ ಇರುತ್ತದೆ. ಸಮಾಧಾನಕ್ಕೆ ಬೇಕಿದ್ದರೆ, ಅಸಲಿ ಸೆಸ್ನಾದಲ್ಲೂ ಇದಕ್ಕೊಂದು ವ್ಯವಸ್ಥೆ ಮಾಡಿಟ್ಟಿದ್ದಾರೆ. ಅಲ್ಲಿನ ಥ್ರಾಟಲ್ ಒಳಗೆ ತಳ್ಳಿ ಹೊರಗೆ ಎಳೆಯುವ ಗುಂಡಿ. ಅದರ ಬುಡದಲ್ಲೊಂದು ಉಂಗುರ. ಬಲಕ್ಕೆ ತಿರುಗಿಸಿದರೆ ಬಿಗಿ, ಎಡಕ್ಕೆ ಸಡಿಲ. ಈ ಉಂಗುರ ಸರಿಯಿದೆಯಾ ನೋಡು ಎಂದು ಟೇಕಾಫ್‌ಗೆ ಮುಂಚಿನ ಚೆಕ್‌ಲಿಸ್ಟ್‌ನಲ್ಲೇ ಬರೆದಿದೆ. ಅಗ್ಗದ ಜಾಯ್‌ಸ್ಟಿಕ್‌ಗಳಲ್ಲಿ ಆ ಉಂಗುರ ಇಲ್ಲ, ಅಷ್ಟೇ ವ್ಯತ್ಯಾಸ.

ರಿಪೇರಿಯಲ್ಲಿ ಮೊದಲ ಅನಾಹುತ ಸ್ಕ್ರೂಡ್ರೈವರ್ ಹಿಡಿಯುವ ಮೊದಲೇ ಆಗುತ್ತದೆ. ‘ಸ್ವಲ್ಪ ಎಣ್ಣೆ ಬಿಡಿ, ಸರಿಹೋಗತ್ತೆ’ ಎಂದು ಅಡುಗೆಮನೆಯಿಂದ ಸಲಹೆ ಬರುತ್ತದೆ. ಹೊಲಿಗೆ ಮಷೀನು, ಗೇಟಿನ ಚಿಲಕ, ಸೀಲಿಂಗ್ ಫ್ಯಾನು, ಎಲ್ಲಕ್ಕೂ ಒಪ್ಪುವ ಮಾತು. ಆದರೆ ಎಣ್ಣೆ ಬಿಡುವುದು ಬಿಗಿಯಾದದ್ದು ಸಲೀಸಾಗಲಿ ಅಂತ. ಇಲ್ಲಿ ಸಲೀಸಾಗಿರುವುದೇ ಕಾಯಿಲೆ. ಲಿವರ್ ಬಿಟ್ಟಲ್ಲೇ ನಿಲ್ಲಬೇಕಾದರೆ ಅದಕ್ಕೆ ಘರ್ಷಣೆ ಬೇಕು. ಇದು ಗೊತ್ತಿದ್ದೂ ಕೊಬ್ಬರಿ ಎಣ್ಣೆ ಬಿಡುವವರಿದ್ದಾರೆ. ಅದರ ಫಲ ನೋಡಬೇಕಾದರೆ ಡಿಸೆಂಬರ್ ಬರಬೇಕು. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಹಾಗಾಗಿ ಬೆಂಗಳೂರಿನ ಚಳಿಗಾಲದಲ್ಲಿ ಬೆಳಗಿನ ವಿಮಾನಕ್ಕೆ ಥ್ರಾಟಲ್ ಕಲ್ಲು, ಮಧ್ಯಾಹ್ನದ ವಿಮಾನಕ್ಕೆ ಜಾರುಬಂಡೆ. ಮಂಗಳೂರಿನಲ್ಲಿ ಹೆಚ್ಚುಕಮ್ಮಿ ವರ್ಷವಿಡೀ ಜಾರುಬಂಡೆ. ಇನ್ನು ಡಬ್ಲ್ಯುಡಿ-40 ಬಂದದ್ದು 1953ರಲ್ಲಿ, ಲೋಹದಿಂದ ನೀರು ಓಡಿಸಲು. ಡಬ್ಲ್ಯುಡಿ ಅಂದರೆ ವಾಟರ್ ಡಿಸ್‌ಪ್ಲೇಸ್‌ಮೆಂಟ್, ಹೆಸರಿನ ಅರ್ಥವೇ ಅದು. ಥ್ರಾಟಲ್ ಒಳಗೆ ಹೋದರೆ ಅದು ಓಡಿಸುವುದು ಅಲ್ಲಿದ್ದ ಒಳ್ಳೆಯ ಗ್ರೀಸನ್ನು.

ಬಿಚ್ಚುವ ಮುಂಚೆ ಕಾಯಿಲೆ ಯಾವುದು ಅಂತ ತಿಳಿಯಬೇಕು. ‘ಲೂಸು’ ಅನ್ನುವ ಒಂದೇ ಪದದಡಿ ಮೂರು ಬೇರೆ ಬೇರೆ ರೋಗಗಳು ಅಡಗಿವೆ. ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ‘ಜಾಯ್ ಡಾಟ್ ಸಿಪಿಎಲ್’ (joy.cpl) ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಹಳೇ ಕಾಲದ ಪುಟ್ಟ ಕಿಟಕಿಯೊಂದು ತೆರೆಯುತ್ತದೆ. ಅದರಲ್ಲಿ ನಿಮ್ಮ ಜಾಯ್‌ಸ್ಟಿಕ್ ಆರಿಸಿ ಪ್ರಾಪರ್ಟೀಸ್‌ಗೆ ಹೋದರೆ ಥ್ರಾಟಲ್‌ಗೊಂದು ಪಟ್ಟಿ ಕಾಣುತ್ತದೆ. ಲಿವರ್ ಅರ್ಧಕ್ಕೆ ತಂದು ಕೈ ಬಿಡಿ, ಮೇಜನ್ನು ಒಮ್ಮೆ ಗುದ್ದಿ. ಲಿವರ್ ಜಾರಿ, ಪಟ್ಟಿಯೂ ಅದರ ಜೊತೆ ಇಳಿದರೆ ಘರ್ಷಣೆ ಹೋಗಿದೆ, ಹೆದರಬೇಡಿ. ಲಿವರ್ ಬಂಡೆಯಂತೆ ನಿಂತಿದ್ದರೂ ಪಟ್ಟಿ ನಡುಗುತ್ತಿದ್ದರೆ ತಪ್ಪು ಸೆನ್ಸರಿನದು. ಎಷ್ಟು ಬಿಗಿ ಮಾಡಿದರೂ ಪ್ರಯೋಜನವಿಲ್ಲ. ಲಿವರನ್ನು ಎರಡು ಮೂರು ಮಿಲಿಮೀಟರ್ ಅಲ್ಲಾಡಿಸಿದರೂ ಪಟ್ಟಿ ಜಗ್ಗದಿದ್ದರೆ, ಗ್ಯಾರೇಜಿನವರು ಹೇಳುವ ‘ಪ್ಲೇ’ ಬಂದಿದೆ. ಲಿವರಿಗೂ ಸೆನ್ಸರಿಗೂ ನಡುವಿನ ಹಿಡಿತ ತಪ್ಪಿದೆ ಎಂದರ್ಥ. ಈ ಐದು ನಿಮಿಷದ ಪರೀಕ್ಷೆ ಮಾಡದೆ ನೇರ ಬಿಚ್ಚಲು ಕೂರುವವರೇ ಹೆಚ್ಚು.

ಆಮೇಲೆ ಜಾಯ್‌ಸ್ಟಿಕ್ ಮಗುಚಿ ನೋಡಿ. ಸ್ವಲ್ಪ ದುಬಾರಿ ಥ್ರಾಟಲ್‌ಗಳಲ್ಲಿ ಬಿಗಿ ಹೆಚ್ಚುಕಮ್ಮಿ ಮಾಡುವ ಏರ್ಪಾಡು ಹೊರಗೇ ಇರುತ್ತದೆ. ಹನಿಕೋಂಬ್ ಬ್ರಾವೋಗೆ ಪಕ್ಕದಲ್ಲೊಂದು ಗುಂಡಿ, ಥ್ರಸ್ಟ್‌ಮಾಸ್ಟರ್ ವಾರ್ಥಾಗ್‌ಗೆ ಒಂದು ಚಕ್ರ. ಇನ್ನು ಕೆಲವದರಲ್ಲಿ ಅಡಿಯ ತೂತಿನೊಳಗೆ ಸ್ಕ್ರೂ. ಕಾಲು ಸುತ್ತು ತಿರುಗಿಸಿ, ಪರೀಕ್ಷಿಸಿ, ಮತ್ತೆ ಕಾಲು ಸುತ್ತು. ಮೂರು ವರ್ಷ ಜಾರುವ ಥ್ರಾಟಲ್ ಜೊತೆ ಗುದ್ದಾಡಿ, ಕಡೆಗೆ ಈ ಗುಂಡಿ ಕಂಡು, ಯಾರಿಗೂ ಹೇಳದೆ ತಿರುಗಿಸಿಕೊಂಡು ಸುಮ್ಮನಾದವರ ಸಂಖ್ಯೆ ಕಡಿಮೆಯೇನಲ್ಲ.

ಹೊರಗೇನೂ ಇಲ್ಲ ಅಂದರೆ ಬಿಚ್ಚಲೇಬೇಕು. ಯುಎಸ್‌ಬಿ ಕಿತ್ತುಬಿಡಿ. ಸ್ಟಾರ್ ಸ್ಕ್ರೂಡ್ರೈವರ್, ಸೊನ್ನೆ ಮತ್ತು ಒಂದನೇ ನಂಬರಿನದು, ಎರಡೂ ಬೇಕು. ಕಾಣುವ ಸ್ಕ್ರೂಗಳನ್ನೆಲ್ಲ ತೆಗೆದರೂ ತಳ ಬಿಟ್ಟುಕೊಳ್ಳುವುದಿಲ್ಲ, ಯಾಕೆಂದರೆ ಒಂದು ಸ್ಕ್ರೂ ರಬ್ಬರ್ ಪಾದದಡಿಯೋ ಅಂಟುಚೀಟಿಯಡಿಯೋ ಅಡಗಿ ಕೂತಿರುತ್ತದೆ. ಅದನ್ನು ಹುಡುಕದೆ ಅಡುಗೆಮನೆಯ ಚಾಕು ಹಾಕಿ ಮೀಟಿದರೆ ‘ಟಕ್’ ಎನ್ನುವುದು ಪ್ಲಾಸ್ಟಿಕ್ಕಿನ ಕೊಂಡಿ, ಮುರಿದ ಸದ್ದು. ಚೀಟಿಯ ಮೇಲೆ ಬೆರಳು ಒತ್ತಿ ಸವರಿದರೆ ಹಳ್ಳ ಸಿಗುತ್ತದೆ, ಸ್ಕ್ರೂ ಅಲ್ಲೇ.

ತೆಗೆದ ಸ್ಕ್ರೂ ಇಡಲು ಇಡ್ಲಿ ತಟ್ಟೆಯಷ್ಟು ಒಳ್ಳೆಯ ಪಾತ್ರೆ ಇನ್ನೊಂದಿಲ್ಲ. ಒಂದು ಕುಳಿಗೆ ತಳದ ಸ್ಕ್ರೂ, ಇನ್ನೊಂದಕ್ಕೆ ಬೋರ್ಡಿನದು, ಮತ್ತೊಂದಕ್ಕೆ ಸ್ಪ್ರಿಂಗು ವಾಷರು. ಆದರೆ ಇಡ್ಲಿ ತಟ್ಟೆಗೆ ಆವಿಯ ತೂತುಗಳಿವೆ, ಎರಡು ಮಿಲಿಮೀಟರ್ ಸ್ಕ್ರೂ ಅದರೊಳಗೆ ಸರಿಯಾಗಿ ತೂರುತ್ತದೆ. ಇಡ್ಲಿ ಬೇಯಿಸುವಾಗ ಹಾಸುವ ಹಾಗೆ ಬಟ್ಟೆ ಹಾಸಿಕೊಳ್ಳಿ, ಒದ್ದೆ ಮಾತ್ರ ಮಾಡಬೇಡಿ. ಉದ್ದದ್ದು ಗಿಡ್ಡದ್ದು ಬೆರೆಯಬಾರದು. ಗಿಡ್ಡ ಸ್ಕ್ರೂವಿನ ಜಾಗಕ್ಕೆ ಉದ್ದದ್ದು ಹೋದರೆ ಅದರ ಮೂತಿ ಮೇಲಿನ ಕವಚ ತೂತು ಮಾಡಿಕೊಂಡು ಹೊರಬರುತ್ತದೆ. ತಳ ಎತ್ತುವಾಗ ಹೋಳಿಗೆ ಮಗುಚುವಷ್ಟು ನಿಧಾನ ಇರಲಿ. ಒಳಗೆ ಎರಡು ಭಾಗಗಳನ್ನೂ ಹಿಡಿದಿರುವ ತೆಳು ವೈರುಗಳಿವೆ, ಜಗ್ಗಿದರೆ ಬೆಸುಗೆ ಕಿತ್ತು ಬರುತ್ತದೆ. ವೈರುಗಳ ಬಣ್ಣ ಕಾಣುವಂತೆ ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದುಕೊಳ್ಳಿ. ‘ನೆನಪಿರತ್ತೆ ಬಿಡಿ’ ಎನ್ನುವವರಿಗೆ ಅರ್ಧ ಗಂಟೆ ಕಳೆದ ಮೇಲೆ ಯಾವುದೂ ನೆನಪಿರುವುದಿಲ್ಲ.

ಒಳಗೆ ನೋಡಿದರೆ ನಿರಾಸೆಯಾಗುತ್ತದೆ. ಒಂದು ಪ್ಲಾಸ್ಟಿಕ್ ಕಂಬ, ಅದರ ಮೇಲೆ ಲಿವರಿನ ಬುಡ, ಮೇಲಿಂದ ಒತ್ತಿ ಹಿಡಿಯಲು ವಾಷರ್ ಹಾಕಿದ ಒಂದು ಸ್ಕ್ರೂ. ವಿಮಾನ ಹಾರಿಸುತ್ತಿದ್ದದ್ದು ಇದೇ. ಈ ಸ್ಕ್ರೂ ಕಾಲು ಸುತ್ತು ಹಿಂದೆ ಬಂದಿದ್ದರೆ ಬಿಗಿ ಮಾಡಿದರೆ ಮುಗಿಯಿತು. ಆ ಉತ್ಸಾಹದಲ್ಲಿ ಇನ್ನೂ ಒಂದು ಸುತ್ತು ಹೋದರೆ ಕಂಬ ಸೀಳುತ್ತದೆ. ತೂತೇ ಸವೆದು ಸ್ಕ್ರೂ ಸುಮ್ಮನೆ ಗಿರಗಿರ ತಿರುಗುತ್ತಿದ್ದರೆ ಬಡಗಿಗಳ ಉಪಾಯವೇ ಇಲ್ಲೂ ನಡೆಯುತ್ತದೆ: ಬೆಂಕಿಕಡ್ಡಿಯ ಒಂದು ಸೀಳು ತೂತಿನೊಳಗೆ ಇಟ್ಟು, ಅದರ ಪಕ್ಕದಲ್ಲೇ ಸ್ಕ್ರೂ ಬಿಡಿ.

ಬಿಗಿ ಮಾಡಿದರೂ ಜಾರುತ್ತದೆ ಅಂದರೆ ಒತ್ತುವ ಮೈ ನುಣುಪಾಗಿದೆ. ಕುರ್ಚಿಯ ಕಾಲಿಗೆ ಅಂಟಿಸುವ ಫೆಲ್ಟ್ ಬಿಲ್ಲೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಕಂಬದ ದಪ್ಪಕ್ಕೆ ನಡುವೆ ತೂತು ಮಾಡಿ, ವಾಷರಿನಗಲಕ್ಕೆ ಸುತ್ತ ಕತ್ತರಿಸಿ, ಒಂದು ಮಿಲಿಮೀಟರ್ ದಪ್ಪಕ್ಕೆ ಸೀಳಿ ವಾಷರಿನಡಿ ಕೂರಿಸಿ. ಅಂಟು ಇದ್ದ ಭಾಗ ಕತ್ತರಿಸಿ ತೆಗೆಯಬೇಕು. ಬಿಟ್ಟರೆ ಲಿವರ್ ಪ್ರತಿ ಸಲ ಎದ್ದೇಳುವಾಗ ‘ಚರ್’ ಅನ್ನುತ್ತದೆ. ಫೆಲ್ಟ್ ವಾರದೊಳಗೆ ಅಮುಕಿ ತೆಳುವಾಗುತ್ತದೆ, ಆಗ ಮತ್ತೆ ಕಾಲು ಸುತ್ತು ಬಿಗಿ ಮಾಡಲು ತಯಾರಿರಿ. ಅಲೆ ಆಕಾರದ ಸ್ಪ್ರಿಂಗ್ ವಾಷರ್ ಸಿಕ್ಕರೆ ಅದನ್ನು ಮೇಲೆ ಹಾಕಿ, ಅದು ತಾನೇ ಒತ್ತುತ್ತಿರುತ್ತದೆ.

ಕೆಲವು ಥ್ರಾಟಲ್‌ಗಳಲ್ಲಿ ಬಿಗಿ ಬರುವುದು ಗ್ರೀಸಿನಿಂದ. ಡ್ಯಾಂಪಿಂಗ್ ಗ್ರೀಸ್ ಎಂದು ಬೇರೆಯೇ ಜಾತಿ. ಬೆಲ್ಲದ ಪಾಕದ ಹಾಗೆ ಎಳೆ ಎಳೆಯುತ್ತದೆ, ನಿಧಾನ ತಳ್ಳಿದರೆ ದಾರಿ ಬಿಡುತ್ತದೆ, ಜೋರಾಗಿ ತಳ್ಳಿದರೆ ತಡೆಯುತ್ತದೆ. ಸಿಮ್ಯುಲೇಟರ್ ಹಾರಿಸುವವರಲ್ಲಿ ನೈಯೋಜೆಲ್ 767ಎ ಹೆಸರುವಾಸಿ. ಬೈಕಿನ ಚೈನ್ ಗ್ರೀಸು ಬೇಡ, ಪೆಟ್ರೋಲಿಯಂ ಮೂಲದ್ದು ಕೆಲವು ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಮೊದಲು ಹಳೆಯ ಒಣಗಿದ ಗ್ರೀಸನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ಹೊಸದು ಸಾಸಿವೆ ಕಾಳಿನಷ್ಟು. ಸಾಸಿವೆಯಷ್ಟು ಅಂದರೆ ಸಾಸಿವೆಯಷ್ಟೇ, ಒಗ್ಗರಣೆಗೆ ಹಾಕುವಷ್ಟಲ್ಲ.

ಮನೆಯ ಡ್ರೆಸ್ಸಿಂಗ್ ಟೇಬಲ್ಲಿನಲ್ಲಿ ಅಕ್ಕಪಕ್ಕ ಕೂತಿರುವ ಎರಡು ಶೀಶೆಗಳ ಬಗ್ಗೆ ಇಲ್ಲೊಂದು ಮಾತು. ಉಗುರುಬಣ್ಣ ನಿಮ್ಮ ಗೆಳೆಯ: ಬಿಗಿ ಮಾಡಿದ ಸ್ಕ್ರೂವಿನ ತಲೆಗೆ ಒಂದು ಚುಕ್ಕಿ ಇಟ್ಟರೆ ಅದು ಹಿಂದಕ್ಕೆ ಬರುವುದಿಲ್ಲ. ಬೈಕ್ ರಿಪೇರಿಯವರ ಥ್ರೆಡ್‌ಲಾಕರ್ ಪ್ಲಾಸ್ಟಿಕ್ಕನ್ನು ಬಿರುಕು ಬಿಡಿಸುತ್ತದೆ, ಅದಕ್ಕಿಂತ ಇದೇ ವಾಸಿ. ಉಗುರುಬಣ್ಣ ಅಳಿಸುವ ರಿಮೂವರ್ ಮಾತ್ರ ಶತ್ರು. ಅದರಲ್ಲಿ ಅಸಿಟೋನ್ ಇದ್ದರೆ ಜಾಯ್‌ಸ್ಟಿಕ್ಕಿನ ಎಬಿಎಸ್ ಪ್ಲಾಸ್ಟಿಕ್ ಕರಗುತ್ತದೆ. ಸ್ವಚ್ಛ ಮಾಡಲು ಹೋಗಿ ಗುರುತಿನ ಬಿಳಿ ಗೆರೆಗಳನ್ನೆಲ್ಲ ಸವರಿ ಹಾಕಿಬಿಟ್ಟರೆ ಆಮೇಲೆ ಫುಲ್ ಯಾವುದು, ಐಡಲ್ ಯಾವುದು, ಅಂದಾಜಿನ ಮೇಲೆ. ಫೆವಿಕ್ವಿಕ್ ಕತೆಯೂ ಅಷ್ಟೇ: ಅದು ಹಾಕಿದ ಜಾಗದಲ್ಲಿ ನಿಲ್ಲುವುದಿಲ್ಲ, ಹರಿದು ಬುಡಕ್ಕೆ ಹೋಗುತ್ತದೆ. ಥ್ರಾಟಲ್ ಆಮೇಲೆ ಎಂದೂ ಜಾರುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ.

ಇನ್ನು ನಡುಗುವ ಪಟ್ಟಿ. ಇದು ಪೊಟೆನ್ಷಿಯೋಮೀಟರಿನ ಕೆಲಸ, ಕರೆಯುವುದು ಪಾಟ್ ಅಂತ. ಹಳೇ ರೇಡಿಯೋದ ವಾಲ್ಯೂಮ್ ತಿರುಗಿಸಿದಾಗ ಕರಕರ ಅನ್ನುತ್ತಿತ್ತಲ್ಲ, ಅದೇ ಭಾಗ. ಒಳಗೆ ಕಾರ್ಬನ್ ಪಟ್ಟಿ, ಅದರ ಮೇಲೆ ಉಜ್ಜುತ್ತಾ ಓಡಾಡುವ ಲೋಹದ ನಾಲಿಗೆ. ಧೂಳು ಕೂತರೆ ಅಥವಾ ಕಾರ್ಬನ್ ಸವೆದರೆ ಸಂಕೇತ ನೆಗೆದಾಡುತ್ತದೆ. ರೇಡಿಯೋದಲ್ಲಿ ಕರಕರ ಕೇಳಿದರೆ ಅಷ್ಟಾಯಿತು; ಮಂಗಳೂರಿನ ಟೇಬಲ್‌ಟಾಪ್ ರನ್‌ವೇಗೆ ಇಳಿಯುವಾಗ ಕರಕರ ಆದರೆ ಎಂಜಿನ್ ಒಮ್ಮೆಗೇ ಅಬ್ಬರಿಸಿ, ರನ್‌ವೇ ಮುಗಿಯುವವರೆಗೂ ಚಕ್ರ ನೆಲಕ್ಕೆ ತಾಗುವುದಿಲ್ಲ. ಆಚೆ ತುದಿಯಲ್ಲಿ ಕಣಿವೆ. ಎಲೆಕ್ಟ್ರಾನಿಕ್ಸ್ ಕಾಂಟ್ಯಾಕ್ಟ್ ಕ್ಲೀನರನ್ನು ಪಾಟಿನ ಸಂದಿಗೆ ಒಂದು ಸಲ ಚಿಮ್ಮಿಸಿ, ಲಿವರನ್ನು ಇಪ್ಪತ್ತು ಮೂವತ್ತು ಸಲ ಆಚೀಚೆ ಆಡಿಸಿ, ಕಾಲು ಗಂಟೆ ಒಣಗಲು ಬಿಡಿ. ಧೂಳಾಗಿದ್ದರೆ ಇಲ್ಲಿಗೆ ವಾಸಿ.

ಸವೆದಿದ್ದರೆ ಬದಲಾಯಿಸಬೇಕು. ಬೆಂಗಳೂರಿನವರಾದರೆ ಎಸ್‌ಪಿ ರೋಡ್, ಒಂದು ಮಸಾಲೆ ದೋಸೆಗಿಂತ ಕಡಿಮೆ ಬೆಲೆ. ಹೆಚ್ಚಾಗಿ ಬೇಕಾಗುವುದು ಬಿ10ಕೆ, ಅಂದರೆ 10 ಕಿಲೋ ಓಮ್, ಲೀನಿಯರ್. ಹಳೆಯದರ ಮೈಮೇಲೆ ಬರೆದದ್ದನ್ನು ಓದಿಕೊಂಡು ಹೋಗಿ. ಇನ್ನೂ ವಾಸಿ, ಹಳೆಯದನ್ನೇ ಜೇಬಿಗೆ ಹಾಕಿಕೊಂಡು ಹೋಗಿ. ಅಂಗಡಿಯವರು ಎ10ಕೆ ಕೊಟ್ಟು ‘ಎಲ್ಲಾ ಒಂದೇ ಸಾರ್’ ಎಂದರೆ ಒಂದೇ ಅಲ್ಲ. ಅದು ವಾಲ್ಯೂಮ್‌ಗೆ ಮಾಡಿದ್ದು, ಲಿವರ್ ಅರ್ಧ ತಳ್ಳಿದರೂ ಎಂಜಿನ್‌ಗೆ ಸಿಗುವುದು ಹತ್ತು ಹದಿನೈದು ಶೇಕಡಾ, ಉಳಿದದ್ದೆಲ್ಲ ಕೊನೆಯಲ್ಲಿ ಒಮ್ಮೆಲೇ. ಶಾಫ್ಟ್ ಇಂಗ್ಲಿಷಿನ ಡಿ ಅಕ್ಷರದ ಹಾಗೆ ಒಂದು ಬದಿ ಚಪ್ಪಟೆಯೋ, ಸುತ್ತ ಹಲ್ಲಿನದೋ ಎಂಬುದನ್ನೂ ನೋಡಿ. ಬೆಸುಗೆ ಹಾಕುವಾಗ ನಡುವಿನ ಕಾಲಿಗೆ ಸಂಕೇತದ ವೈರು. ಎರಡು ತುದಿ ಅದಲುಬದಲಾದರೆ ಏನೂ ಸುಟ್ಟುಹೋಗುವುದಿಲ್ಲ, ಥ್ರಾಟಲ್ ತಿರುವುಮುರುವಾಗುತ್ತದೆ ಅಷ್ಟೇ: ಮುಂದಕ್ಕೆ ತಳ್ಳಿದರೆ ವಿಮಾನ ನಿಲ್ಲುತ್ತದೆ, ಹಿಂದಕ್ಕೆ ಎಳೆದರೆ ಓಡುತ್ತದೆ. ಮತ್ತೆ ಬಿಚ್ಚಬೇಡಿ, ಸಿಮ್ಯುಲೇಟರಿನ ಸೆಟ್ಟಿಂಗಿನಲ್ಲಿ ರಿವರ್ಸ್ ಆಕ್ಸಿಸ್ ಒತ್ತಿ. ಪಾಟ್ ಸುಮಾರು 300 ಡಿಗ್ರಿ ತಿರುಗುತ್ತದೆ, ಲಿವರಿಗೆ ಬೇಕಾಗುವುದು ಅದರಲ್ಲೊಂದು ತುಂಡು ಮಾತ್ರ. ಲಿವರ್ ಅರ್ಧದಲ್ಲಿದ್ದಾಗ ಪಾಟೂ ಅರ್ಧದಲ್ಲಿರುವಂತೆ ಕೂರಿಸದಿದ್ದರೆ ಒಂದು ಕೊನೆಯಲ್ಲಿ ಅದು ತಡೆಗೆ ಬಡಿದು ಒಡೆಯುತ್ತದೆ.

ಪ್ಲೇ ಇದ್ದವರದು ಸಣ್ಣ ಕೆಲಸ. ಶಾಫ್ಟ್ ಹಿಡಿದಿರುವ ತಲೆಯಿಲ್ಲದ ಪುಟ್ಟ ಸ್ಕ್ರೂ ಇದ್ದರೆ 1.5 ಮಿಲಿಮೀಟರ್ ಅಲೆನ್ ಕೀಯಿಂದ ಬಿಗಿ ಮಾಡಿ. ಇಲ್ಲದಿದ್ದರೆ ಶಾಫ್ಟಿಗೆ ಟೆಫ್ಲಾನ್ ಟೇಪು, ನಲ್ಲಿಗೆ ಸುತ್ತುವುದೇ, ಎರಡು ಸುತ್ತು. ಹಾಲ್ ಸೆನ್ಸರ್ ಇರುವವರಿಗೆ ಕ್ಲೀನರಿನ ಕೆಲಸವಿಲ್ಲ. 1879ರಲ್ಲಿ ಎಡ್ವಿನ್ ಹಾಲ್ ಕಂಡುಕೊಂಡ ಪರಿಣಾಮದ ಮೇಲೆ, ಅಯಸ್ಕಾಂತ ನೋಡಿ ಅಳೆಯುವ ಸಾಧನ ಅದು. ಏನೂ ಉಜ್ಜುವುದಿಲ್ಲ, ಆದ್ದರಿಂದ ಸವೆಯುವುದೂ ಇಲ್ಲ.

ಮುಚ್ಚುವಾಗ ಸ್ಕ್ರೂವನ್ನು ಮೊದಲು ಎಡಕ್ಕೆ ತಿರುಗಿಸಿ. ‘ಟಿಕ್’ ಎಂದು ಹಳೇ ಹಲ್ಲಿಗೆ ಬಿದ್ದದ್ದು ಬೆರಳಿಗೆ ತಿಳಿಯುತ್ತದೆ, ಆಮೇಲೆ ಬಲಕ್ಕೆ. ನೇರ ಬಲಕ್ಕೆ ತಿರುಗಿಸಿದರೆ ಹೊಸ ಹಲ್ಲು ಕೊರೆಯುತ್ತದೆ. ಹಾಗೆ ಎರಡು ಸಲ ಆದರೆ ಮತ್ತೆ ಬೆಂಕಿಕಡ್ಡಿ ಬೇಕು. ಪೂರ್ತಿ ಬಿಗಿ ಮಾಡುವ ಮುಂಚೆ ಜಾಯ್‌ಸ್ಟಿಕ್ಕನ್ನು ಪಕ್ಕಕ್ಕೆ ಮಲಗಿಸಿ ನೋಡಿ: ಲಿವರ್ ತನ್ನ ಭಾರಕ್ಕೆ ಜಾರಬಾರದು, ಒಂದು ಬೆರಳಿಗೆ ಮಾತ್ರ ಜರುಗಬೇಕು. ಯುಎಸ್‌ಬಿ ಹಾಕಿ ಕ್ಯಾಲಿಬ್ರೇಟ್ ಮಾಡಿ, ತುದಿಯ ಸಣ್ಣ ಅಲುಗಾಟವನ್ನು ಲೆಕ್ಕಕ್ಕೆ ಹಿಡಿಯದ ಡೆಡ್‌ಝೋನ್ ಎರಡು ಮೂರು ಶೇಕಡಾ ಇಟ್ಟರೆ ಐಡಲ್ ನಿಜವಾಗಿ ಐಡಲ್ ಆಗುತ್ತದೆ.

ಒಂದು ಸ್ಕ್ರೂ ಉಳಿದೇ ಉಳಿಯುತ್ತದೆ. ಅದು ಎಲ್ಲಿಯದು ಎಂಬುದು ಮೊಬೈಲಿನ ನಾಲ್ಕು ಫೋಟೋಗಳಲ್ಲೂ ಕಾಣುವುದಿಲ್ಲ, ಏಕೆಂದರೆ ಅದರ ಮೇಲೆ ಪ್ರತಿ ಸಲವೂ ನಿಮ್ಮ ಹೆಬ್ಬೆರಳಿದೆ. ಪರವಾಗಿಲ್ಲ, ಲಿವರ್ ನಿಂತಿದೆ. ಇಡ್ಲಿ ತಟ್ಟೆಯನ್ನು ಸೋಪು ಹಾಕಿ ಎರಡು ಸಲ ತೊಳೆದು, ತೂತುಗಳನ್ನು ಬೆಳಕಿಗೆ ಹಿಡಿದು ಒಂದೊಂದಾಗಿ ನೋಡಿ, ನಾಳೆ ಭಾನುವಾರದೊಳಗೆ ಜಾಗಕ್ಕೆ ಇಟ್ಟುಬಿಡಿ.